ಪಡವಲಕಾಯಿಯ ಕಲ್ಲು

ತೋಟಗಾರರ ಸಂಘದ ಫಲಪುಷ್ಪ ಪ್ರದರ್ಶನದಲ್ಲಿ ಗಂಗರತ್ನಮ್ಮನವರ ಪಡವಲಕಾಯಿಗೆ ಮೊದಲ ಬಹುಮಾನ ಬಂತು. ಬೆಳೆಯುವಾಗ ಕಾಯಿ ಡೊಂಕಾಗದಿರಲೆಂದು ಅದರ ತುದಿಗೆ ಕಟ್ಟಿದ್ದ ಕಲ್ಲನ್ನು ಅವರು ಬಿಚ್ಚಿ, ಬಹುಮಾನದ ಚೀಟಿ ಹಾರದಂತೆ ಅದರ ಮೇಲಿಟ್ಟು, ಕಾಫಿಗೆ ಹೋದರು.

ಕಾಯಿ ಸಿಡುಕಿತು: "ಹುಟ್ಟಿದಾಗಿನಿಂದ ನನ್ನನ್ನು ಕೆಳಕ್ಕೆ ಎಳೆದದ್ದು ಸಾಲದೇ? ಈಗ ನನ್ನ ಬಹುಮಾನದ ಮೇಲೂ ಕೂರಬೇಕೇ?"

"ನಾನು ಎಳೆದದ್ದರಿಂದಲೇ ನೀನು ನೆಟ್ಟಗಾದೆ ಎನ್ನುತ್ತಾರಪ್ಪ," ಎಂದಿತು ಕಲ್ಲು. "ನಿಜವೋ ಸುಳ್ಳೋ ನನಗೂ ತಿಳಿಯದು. ನಾನು ಸುಮ್ಮನೆ ನೇತಾಡಿಕೊಂಡಿದ್ದೆ."

"ನೆಟ್ಟಗಿರುವುದು ನನ್ನ ಹುಟ್ಟುಗುಣ. ಇಳಿ ಕೆಳಗೆ!"

ಕಲ್ಲು ಉರುಳಿ ಕೆಳಗೆ ಬಿತ್ತು. ಗಾಳಿ ಬೀಸಿತು. ಚೀಟಿ ಹಾರಿ, ಪಕ್ಕದಲ್ಲಿ ಸುರುಳಿ ಸುತ್ತಿಕೊಂಡು ಮಲಗಿದ್ದ ಇನ್ನೊಂದು ಪಡವಲಕಾಯಿಯ ಮೇಲೆ ಹೋಗಿ ಕೂತಿತು.

"ಇದೇನು, ನನಗೆ ಬಹುಮಾನವೇ?" ಎಂದು ಅದು ಕಕ್ಕಾಬಿಕ್ಕಿಯಾಯಿತು. "ಅದು ನನ್ನದು!" ಎಂದು ನೆಟ್ಟನೆಯದು ಕೂಗಿದ್ದು ಯಾರಿಗೂ ಕೇಳಲಿಲ್ಲ.

ನೋಡಲು ಬಂದ ದಂಪತಿ ಚೀಟಿ ಓದಿದರು, ಎರಡೂ ಕಾಯಿಗಳನ್ನು ನೋಡಿದರು, ತಲೆ ಕೆರೆದುಕೊಂಡರು.

"ಡೊಂಕಾದದ್ದಕ್ಕೇ ಮೊದಲ ಬಹುಮಾನವಂತೆ ಕಣೇ," ಎಂದ ಗಂಡ.

"ಬಹುಮಾನ ಕೊಟ್ಟವರೇನು ದಡ್ಡರೇ?" ಎಂದಳು ಹೆಂಡತಿ. "ಮನೆಗೆ ಹೋದಕೂಡಲೇ ನಮ್ಮ ಕಾಯಿಗಳಿಗೆ ಕಟ್ಟಿದ ಕಲ್ಲನ್ನೆಲ್ಲ ಬಿಚ್ಚಿಬಿಡಿ."