ಡ್ರಿಲ್ಲೋ ಇಂಪ್ಯಾಕ್ಟೋ ಅಂತ ಮೋನ ಕೇಳಿದ್ದು

ಹೂಂಗುಟ್ಟೋರು ಹತ್ರ ಬನ್ನಿ, ಆಕಳಿಸೋರು ಆ ಕಡೆ ಹೋಗಿ! ಈರಮ್ಮ ಅಂತ ಒಬ್ಬಳಿದ್ಲು, ಮರಗೆಲಸದ ಆಚಾರಿ ಹೆಂಡ್ತಿ. ಗಂಡ ತೀರಿಕೊಂಡಿದ್ದ. ಇದ್ದೊಬ್ಬ ಮಗ ಮೋನ. ಆಳು ನೋಡಿದ್ರೆ ಕಂಬ, ತಲೆ ನೋಡಿದ್ರೆ ಹೊಟ್ಟು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಕೂದಲೆಳೆ ಆಚೆ ಇಲ್ಲ, ಈಚೆ ಇಲ್ಲ. "ನಾನು ಕಣ್ಮುಚ್ಚೋದ್ರೊಳಗೆ ಇವನ ಕೈಗೊಂದು ಕಸುಬು ಹತ್ತಿಸು ತಾಯೇ" ಅಂತ ದಿನಾ ದೀಪ ಹಚ್ಚೋಳು.

ಅವಳ ತಮ್ಮ ವೀರಾಚಾರಿ ಮರಗೆಲಸದ ಮೇಸ್ತ್ರಿ. ಕೈಕಾಲು ಹಿಡಿದು ಅವನ ಹತ್ರ ಮಗನನ್ನ ಸೇರಿಸಿದ್ಲು. ಅಲ್ಲಿ ಎರಡು ಬ್ಯಾಟರಿ ಮೆಷಿನ್ನು. ಉದ್ದ ಮೂತಿದು ಡ್ರಿಲ್ಲು, ತೂತು ಕೊರೆಯುತ್ತೆ, ಸಣ್ಣ ಸ್ಕ್ರೂ ಮೆತ್ತಗೆ ಕೂರಿಸುತ್ತೆ. ಮೋಟು ಮೂತಿದು ಇಂಪ್ಯಾಕ್ಟು, ಟಕಟಕ ಗುದ್ದಿ ಗುದ್ದಿ ಉದ್ದ ಸ್ಕ್ರೂ ಇಳಿಸುತ್ತೆ. ಯಾವಾಗ ಯಾವುದು ಅಂತ ಆರಿಸೋದ್ರಲ್ಲೇ ಇರೋದು ಕಸುಬು.

"ಮಗಾ, ಮಾವನ ಮುಂದೆ ಸೋಮಾರಿ ಅನ್ನಿಸ್ಕೋಬೇಡ. ಬಲ ಹಾಕಿ ಕೆಲಸ ಮಾಡು!" ಅಂತ ಕಳಿಸಿದ್ಲು ಈರಮ್ಮ.

"ಹೂಂ ಕಣವ್ವ!"

ಯಾವುದಕ್ಕೆ ಬಲ ಜಾಸ್ತಿ? ಮೋಟು ಮೂತಿಗೆ! ಅದನ್ನೇ ಎತ್ಕೊಂಡು ಕುಂಕುಮದ ಪೆಟ್ಟಿಗೆಗೆ ಪುಟ್ಟ ಹಿತ್ತಾಳೆ ಸ್ಕ್ರೂ ಹಾಕೋಕೆ ಹೋದ. ಟಕಟಕ, ಚಟ್! ಸ್ಕ್ರೂ ತಲೆ ಹಾರಿತು, ಮುಚ್ಚಳ ಎರಡು ಹೋಳಾಯ್ತು.

"ಅಯ್ಯೋ ಪೆದ್ದೇ!" ಅಂತ ಸಂಜೆ ಸುದ್ದಿ ಕೇಳಿ ಹಣೆ ಚಚ್ಕೊಂಡ್ಲು ಈರಮ್ಮ. "ಸಣ್ಣ ಸ್ಕ್ರೂಗೆ ಉದ್ದ ಮೂತಿ ಕಣೋ! ಬಿಗಿಯಾದ ಮೇಲೆ ಅದೇ ಟಕಟಕ ಅನ್ನುತ್ತೆ. ಟಕಟಕ ಅಂದ ತಕ್ಷಣ ನಿಲ್ಲಿಸ್ಬೇಕು!"

"ಹೂಂ ಕಣವ್ವ!"

ಆಮೇಲೆ ರೈಸ್‌ಮಿಲ್ಲಿನ ಯಜಮಾನರ ಮಂಚ ಬಂತು. ಮಾವ ಮೋಟು ಮೂತಿ ಕೈಗೆ ಕೊಟ್ಟು, "ಕಾಲು ಬಿಗಿ ಮಾಡೋ" ಅಂದ. ಸ್ಕ್ರೂ ಮರಕ್ಕೆ ಕಚ್ಚಿತೋ ಇಲ್ವೋ, ಮೆಷಿನ್ನು ಟಕಟಕ ಅಂತು. ಮೋನ ನಿಲ್ಲಿಸಿದ! ಇನ್ನೊಂದು ಸ್ಕ್ರೂ, ಟಕಟಕ, ನಿಲ್ಲಿಸಿದ! ಯಜಮಾನ್ರು ಬಂದು ಕೂತ್ರು ನೋಡಿ, ದೊಪ್ಪ್! ನಾಲ್ಕು ಕಾಲು ನಾಲ್ಕು ದಿಕ್ಕಿಗೆ.

"ಅಕ್ಕಾ, ಇನ್ನೊಂದು ಸಲ ಕೆಡಿಸಿದ್ರೆ ಇವನನ್ನ ಮನೇಲೇ ಇಟ್ಕೋ" ಅಂದ ವೀರಾಚಾರಿ.

ಈರಮ್ಮನಿಗೆ ಎದೆ ಒಡೆದುಹೋಯ್ತು. ಅತ್ಲು, ಬೈದ್ಲು, ಮತ್ತೆ ಅತ್ಲು. "ಮೋಟು ಮೂತಿ ಟಕಟಕ ಅಂದಾಗಲೇ ಕಣೋ ಅದು ಕೆಲಸ ಮಾಡೋದು! ನಿನಗೆ ಹೆಂಗೋ ಹೇಳ್ಲಿ? ಇನ್ಮೇಲೆ ಮೆಷಿನ್ನು ಮುಟ್ಟೋಕೆ ಮುಂಚೆ ಮರ ತಟ್ಟಿ ಕಿವಿ ಇಡು, ನಿಮ್ಮಪ್ಪನ ಹಾಗೆ. ಯಾವುದು ಬೇಕು ಅಂತ ಮರವೇ ಹೇಳುತ್ತೆ!"

"ಹೂಂ ಕಣವ್ವ!"

ಅಷ್ಟರಲ್ಲಿ ವೀರಾಚಾರಿ ಮೊಮ್ಮಗುವಿನ ನಾಮಕರಣ ಬಂತು. ತೊಟ್ಟಿಲು ಕಟ್ಟೋಕೆ ತೊಲೆಗೆ ಕೊಂಡಿ ಹಾಕ್ಬೇಕು. ಮೋನ ಏಣಿ ಹತ್ತಿದ. ಈರಮ್ಮ ಕೆಳಗೆ ನಿಂತು, ಇದೇ ಕೊನೇ ಸಲ, ಕಾಪಾಡಪ್ಪಾ ಅಂತ ಕೈ ಮುಗಿದ್ಲು.

ಮೋನ ತೊಲೆ ತಟ್ಟಿದ, ಕಿವಿ ಇಟ್ಟ. ಇಟ್ಟೋನು ತೆಗೀಲೇ ಇಲ್ಲ. ಮಗು ಅಳ್ತಿದೆ, ಪುರೋಹಿತರು ಗೊಣಗ್ತಿದಾರೆ.

"ಏನೋ ಮಾಡ್ತಿದೀಯ ಮೇಲೆ?" ಅಂತ ಗದರಿದ ಮಾವ.

"ಷ್! ಮರ ಮಾತಾಡ್ತಿದೆ ಮಾವ! ಡ್ರಿಲ್ಲೋ ಇಂಪ್ಯಾಕ್ಟೋ ಅಂದೆ. ಕರಕರ ಕರಕರ ಅಂತಿದೆ. ಎರಡೂ ಬೇಡ್ವಂತೆ!"

ಎಲ್ಲರೂ ಗೊಳ್ಳಂತ ನಕ್ಕರು. ಈರಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡ್ಲು. ವೀರಾಚಾರಿ ಸಿಟ್ಟಲ್ಲಿ ಏಣಿ ಹತ್ತಿ ಉಳಿ ಚುಚ್ಚಿದ. ಉಳಿ ಹಿಡಿವರೆಗೂ ಸರ್ರಂತ ಹೋಯ್ತು! ಬುಳುಬುಳು ಪುಡಿ ಉದುರಿತು, ಅದರ ಜೊತೆ ಹುಳ. ಮೇಲೆ ಬಣ್ಣ, ಒಳಗೆಲ್ಲಾ ಟೊಳ್ಳು.

ವೀರಾಚಾರಿ ಇಳಿದು ಬಂದು ಮಗುನ ಎದೆಗೆ ಅವುಚಿಕೊಂಡು ಕೂತುಬಿಟ್ಟ. "ಅಕ್ಕಾ, ತೊಟ್ಟಿಲು ಕಟ್ಟಿದ್ರೆ ಏನಾಗ್ತಿತ್ತು! ಇವನು ಇನ್ಮೇಲೆ ನನ್ನ ಹತ್ರಾನೇ ಇರ್ಲಿ. ಮೆಷಿನ್ನು ನಾನು ಆರಿಸ್ಕೋತೀನಿ, ಕಿವಿ ಇವನು ಇಡ್ಲಿ."

ಅಬ್ಬಾ! ಈರಮ್ಮನ ಎದೆ ಮೇಲಿಂದ ಬೀಸೋಕಲ್ಲು ಇಳಿದ ಹಾಗಾಯ್ತು. ಮಾರನೇ ದಿನ ಖುಷಿಗೆ ಮಗನಿಗೆ ದೊಡ್ಡ ಮುದ್ದೆ ತೊಳಸಿ, "ಇನ್ಮೇಲೆ ಏನೇ ಮುಟ್ಟಿದ್ರೂ ಮೊದಲು ತಟ್ಟಿ ಕಿವಿ ಇಡು ಮಗಾ" ಅಂದು ಸಾರು ತರೋಕೆ ಒಳಗೆ ಹೋದ್ಲು. ಬಂದು ನೋಡ್ತಾಳೆ, ಮೋನ ತಟ್ಟೆ ಮೇಲೆ ತಲೆ ವಾಲಿಸಿಕೊಂಡು ಕೂತಿದಾನೆ. ಬಿಸಿ ಮುದ್ದೆ ಕಿವಿಗೆ ಅಂಟಿದೆ, ಕಣ್ಣಲ್ಲಿ ನೀರು ಸುರೀತಿದೆ.

"ಅಯ್ಯೋ, ಏನೋ ಇದು!"

"ಷ್, ಅವ್ವಾ! ತಟ್ಟಿದೆ, ಕಿವಿ ಇಟ್ಟೆ. ಡ್ರಿಲ್ಲೋ ಇಂಪ್ಯಾಕ್ಟೋ, ಇದಿನ್ನೂ ಬಾಯೇ ಬಿಡ್ತಿಲ್ಲ!"