ಮರಿಯ ಮೂಗು

ಶಿಷ್ಯನ ಭಕ್ತಿ ಎಷ್ಟೆಂದು ಅವನು ಗುರುವಿಗೆ ಎಷ್ಟು ಹತ್ತಿರ ಕೂರುತ್ತಾನೆ ಎಂಬುದರಿಂದ ತಿಳಿಯುತ್ತದೆ ಎಂದು ಆ ಮಠದಲ್ಲಿ ಎಲ್ಲರೂ ನಂಬಿದ್ದರು. ಚಂದ್ರಮೌಳಿ ಎಲ್ಲರಿಗಿಂತ ಹತ್ತಿರ ಕೂರುತ್ತಿದ್ದ. ಹಾಗಾಗಿ ಅವನ ನಂಬಿಕೆ ಸ್ವಲ್ಪ ಹೆಚ್ಚೇ ಗಟ್ಟಿಯಾಗಿತ್ತು.

ಗುರುಗಳು ಎದೆಯ ಕಾಯಿಲೆಯಿಂದ ಎದ್ದು ಇನ್ನೂ ತಿಂಗಳಾಗಿರಲಿಲ್ಲ. ಹನ್ನೆರಡು ವರ್ಷ ಅವರ ಕಾಲೊತ್ತಿದ ಕೊಟ್ರಯ್ಯ ಎಂಟು ದಿನದಿಂದ ಅಂಗಳದಲ್ಲೇ ನಿಂತು ಕೈಮುಗಿದು ಹೋಗುತ್ತಿದ್ದ. ಏಕೆಂದು ಯಾರೂ ಅವನನ್ನು ಕೇಳಲಿಲ್ಲ. ಸೊಕ್ಕು ಎಂದು ತೀರ್ಮಾನವಾದ ಮೇಲೆ ಕೇಳುವುದೇನಿದೆ?

ಒಂದು ಬೆಳಿಗ್ಗೆ ಚಂದ್ರಮೌಳಿ ಸೋರುವ ಮೂಗನ್ನು ಏರಿಸುತ್ತಾ ಇನ್ನೊಂದು ಗೇಣು ಮುಂದೆ ಸರಿದ.

“ಗುರುಗಳೇ, ಹತ್ತಿರ ಬರಲೂ ಮನಸ್ಸಿಲ್ಲದವನಲ್ಲಿ ಪ್ರೀತಿ ಇರುತ್ತದೆಯೇ? ಕೊಟ್ರಯ್ಯನನ್ನು ಊರಿಗೆ ಕಳಿಸಿಬಿಡಲೇ? ಕಾಲೊತ್ತಲು ನಾನಿದ್ದೇನೆ.”

ಗುರುಗಳು ಪ್ರಾಯದಲ್ಲಿ ಆಫ್ರಿಕಾದಲ್ಲಿ ಮೇಷ್ಟರಾಗಿದ್ದವರು. ಕತೆಗಳನ್ನೂ ಅಲ್ಲಿಂದಲೇ ತೆಗೆಯುತ್ತಿದ್ದರು.

“ಅಲ್ಲೊಂದು ಮಳೆಕಾಡು. ಅದರ ಬೆಟ್ಟದಲ್ಲಿ ಗೊರಿಲ್ಲಾಗಳ ಒಂದು ಕುಟುಂಬ. ಹೆಜ್ಜೆಗುರುತು ಹಿಡಿದು ದಾರಿ ತೋರುವ ಒಬ್ಬ ಜಾಡುಗಾರ ಹದಿನೆಂಟು ವರ್ಷದಿಂದ ಅದರ ಹಿಂದೆ ನಡೆಯುತ್ತಿದ್ದ. ಒಂದೊಂದನ್ನೂ ಮೂಗಿನ ಸುಕ್ಕು ನೋಡಿ ಗುರುತಿಸುತ್ತಿದ್ದ. ಒಂದು ಹೆಣ್ಣಂತೂ ಹುಟ್ಟಿದಂದಿನಿಂದ ಅವನ ಕಣ್ಣೆದುರೇ ಬೆಳೆದಿತ್ತು. ಆ ವಾರ ಅದು ಮೊದಲ ಮರಿ ಹಾಕಿತ್ತು. ಅವನಿನ್ನೂ ಆ ಮರಿಯನ್ನು ಕಂಡಿರಲಿಲ್ಲ.

“ಗೊರಿಲ್ಲಾ ನೋಡಲು ಒಬ್ಬ ವ್ಯಾಪಾರಿ ಬಂದ. ಜಾಡುಗಾರ, ಅವನ ಜೊತೆಗಾರ, ವ್ಯಾಪಾರಿ, ಮೂವರೂ ಕೆಸರಿನಲ್ಲಿ, ಮೈಗೆ ತಾಗಿದರೆ ತುರಿಸುವ ಗಿಡಗಳ ನಡುವೆ ನಾಲ್ಕು ತಾಸು ಹತ್ತಿದರು. ಮುರಿದ ಬಿದಿರು, ಬಿಸಿ ಆರದ ಲದ್ದಿ ಕಂಡವು. ಜಾಡುಗಾರ ಪೊದೆ ಸವರುವ ಕತ್ತಿಯನ್ನು ಜೊತೆಗಾರನಿಗೆ ಕೊಟ್ಟು ಅಲ್ಲೇ ಮರದ ಬುಡದಲ್ಲಿ ಕುಳಿತುಬಿಟ್ಟ.

“‘ಏನಯ್ಯಾ, ಇಷ್ಟು ವರ್ಷವಾದರೂ ಹೆದರಿಕೆಯೇ?’ ಎಂದ ವ್ಯಾಪಾರಿ.

“‘ನೀವು ಹೋಗಿಬನ್ನಿ ಧಣಿ. ಮರಿಯ ಮೂಗು ಹೇಗಿದೆ, ನೋಡಿಬಂದು ಹೇಳಿ.’

“ಒಂದು ತಾಸಾದ ಮೇಲೆ ವ್ಯಾಪಾರಿ ಮರಳಿದ. ಜಾಡುಗಾರ ಎದ್ದು ನಿಂತ. ‘ಮೂಗು?’

“‘ಚಪ್ಪಟೆ.’

“‘ಗೊರಿಲ್ಲಾಗೆ ಗಿಳಿಮೂಗು ಇರುತ್ತದೆಯೇ ಧಣಿ!’ ಜಾಡುಗಾರ ನಕ್ಕ. ನಗು ಕೆಮ್ಮಾಯಿತು. ಬಾಯಿಗೆ ತೋಳು ಒತ್ತಿ, ಗೊರಿಲ್ಲಾಗಳಿದ್ದ ದಿಕ್ಕಿಗೆ ಬೆನ್ನು ಮಾಡಿ ಕೆಮ್ಮಿದ. ಮನುಷ್ಯನ ನೆಗಡಿ ಅವಕ್ಕೂ ಅಂಟುತ್ತದೆ. ಅಂಟಿದರೆ ಮರಿ ಉಳಿಯುವುದು ಕಷ್ಟ.

“ವ್ಯಾಪಾರಿ ಮತ್ತೆ ಹಂಗಿಸಲಿಲ್ಲ. ಒಂದು ಕಡ್ಡಿ ಹುಡುಕಿ, ಕೆಸರಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ನೆನಪಿದ್ದಷ್ಟು ಆ ಮೂಗನ್ನು ಬರೆದ. ಜಾಡುಗಾರ ಅದನ್ನು ಬಹಳ ಹೊತ್ತು ನೋಡಿದ. ‘ಅಮ್ಮನದೇ,’ ಎಂದ.”

ಗುರುಗಳು ಅಂಗಳದ ಕಡೆ ನೋಡಿದರು. ಕೊಟ್ರಯ್ಯ ಕೈಮುಗಿದು ನಿಂತಿದ್ದ.

“ಕತೆ ಚೆನ್ನಾಗಿದೆ,” ಎಂದ ಚಂದ್ರಮೌಳಿ, ಅಂಗವಸ್ತ್ರದ ತುದಿಯಿಂದ ಮೂಗು ಒರೆಸಿಕೊಳ್ಳುತ್ತಾ. “ಆದರೆ ಕೊಟ್ರಯ್ಯನ ವಿಷಯ?”

“ಅವನಿಗೂ ನೆಗಡಿ,” ಎಂದರು ಗುರುಗಳು.