ಬೀಜದ ಬಿಲ

"ಕೇಳ್ರಪ್ಪೋ ಕೇಳ್ರಿ! ಭೋಗರಾಯ ಮಹಾರಾಜರು ಮೂರು ಒಗಟು ಕೇಳ್ತಾರೆ. ಬಿಡಿಸಿದವನಿಗೆ ಅರ್ಧ ರಾಜ್ಯ, ತಪ್ಪಿದವನ ತಲೆ ಕೋಟೆ ಬಾಗಿಲಿಗೆ!"

ಹೀಗೆ ಉಸುಕಪಟ್ಟಣದಲ್ಲಿ ಡಂಗುರ ಬಿತ್ತು. ಕಣ್ಣು ಹಾಯಿಸಿದಷ್ಟೂ ಮರಳೇ ಇರುವ ರಾಜ್ಯ. ಅದರ ಅರ್ಧಕ್ಕೂ ಜನ ಬಾಯಿ ಬಿಟ್ಟರಲ್ಲ, ಏನನ್ನೋಣ!

"ಬೀಗವಿಲ್ಲ, ಕಾವಲಿಲ್ಲ. ಒಳಹೊಕ್ಕು ಬಾಗಿಲನ್ನೇ ಅಳಿಸಿ ಮಲಗುವವನು ಯಾರು?" ಎಂದು ರಾಜ ಪಂಡಿತನನ್ನು ಕೇಳಿದ. ಪಂಡಿತ "ಹಾವು" ಅಂದ, ತಲೆ ಹೋಯಿತು. "ಬುತ್ತಿಯೂ ಅದೇ, ಬಡಿಗೆಯೂ ಅದೇ, ಏನದು?" ಎಂಬ ಎರಡನೆಯ ಒಗಟಿಗೆ ಸೇನಾಪತಿ "ಒಂಟೆಯ ಡುಬ್ಬ" ಅಂದ. ಡುಬ್ಬದಲ್ಲಿ ಯಾರನ್ನು ಬಡಿಯುತ್ತಾರಪ್ಪ? ಅವನ ತಲೆಯೂ ಹೋಯಿತು.

ಆಮೇಲೆ ಬಂದವನು ಉಡ ಹಿಡಿಯುವ ಹಟ್ಟಿಯ ಗುಜ್ಜ. ರಾಜನ ಮಂಡಿನೋವಿಗೆ ಮುಳ್ಳುಬಾಲದ ಉಡದ ಎಣ್ಣೆ ಬೇಕು. ಹಿಡಿದು ಹಿಡಿದು ಉಡಗಳೇ ಮುಗಿದಿದ್ದವು. ಬರಿಗೈಲಿ ಬಂದ ತಪ್ಪಿಗೆ ಗುಜ್ಜನ ಅಪ್ಪ ಬೋಡಯ್ಯನಿಗೆ ಮರುದಿನ ಗಲ್ಲು.

"ನಂಗೆ ರಾಜ್ಯ ಬ್ಯಾಡ ಬುದ್ಧಿ, ನಮ್ಮಪ್ಪನ್ನ ಬಿಡಿ," ಎಂದ ಗುಜ್ಜ. "ಬಾಗಿಲು ಅಳಿಸೋದು ಉಡ. ಬಿಲ ಹೊಕ್ಕು ಮಣ್ಣಿಂದ ಬಾಯಿ ಮುಚ್ಕೊಳ್ಳುತ್ತೆ. ಬುತ್ತಿ ಅದರ ಬಾಲ. ಬರಗಾಲಕ್ಕೆ ಕೊಬ್ಬು ಅಲ್ಲೇ, ಹಗೆ ಬಂದರೆ ಬಡಿಯೋದೂ ಅದರಲ್ಲೇ."

ರಾಜ ನಕ್ಕ. "ಭೇಷ್! ಹಸಿದು ಸತ್ತರೂ ನಿನ್ನ ಹಟ್ಟಿಯವರು ಮುಟ್ಟದ ಬೀಜವೊಂದು ಮರಳಿನಲ್ಲಿದೆ. ಏನದು? ಎಲ್ಲಿದೆ?"

ಮರಿಗಳಿರುವ ತಾಯುಡದ ಬಿಲಕ್ಕೆ ಮೂರು ಬಿಳಿಕಲ್ಲು ಇಟ್ಟು, ಉಡದ ಸಂತತಿಗೆ ಬೀಜ ಉಳಿಯಲೆಂದು ಅಗೆಯದೆ ಬಿಡುವುದು ಹಟ್ಟಿಯ ಕಟ್ಟಳೆ. ಹೊರಗಿನವರಿಗೆ ಅದನ್ನು ಹೇಳುವಂತಿಲ್ಲ. ರಾಜನಿಗೆ ಬೇಕಿದ್ದದ್ದೇ ಅದು, ಒಗಟು ಬಿಡಿಸುವ ಜಾಣನಲ್ಲ. ಇದು ಗುಜ್ಜನಿಗೆ ತಿಳಿಯಿತು. ಆದರೂ ಅಪ್ಪನ ಕೊರಳು ಕಣ್ಣಮುಂದೆ ಬಂತು.

"ಬೀಜದ ಬಿಲ, ಬುದ್ಧಿ. ಕಳ್ಳಿದಿಬ್ಬದ ಮೂಡಲಿಗೆ."

ಸಂಜೆಯೊಳಗೆ ಆಳುಗಳು ಅಗೆದು ತಾಯನ್ನೂ ಮರಿಗಳನ್ನೂ ಚೀಲಕ್ಕೆ ತುಂಬಿ ತಂದರು. ರಾಜ ಮಾತಿಗೆ ತಪ್ಪಲಿಲ್ಲ, ಪುಣ್ಯಾತ್ಮ! ಬೋಡಯ್ಯನ ಬೇಡಿ ಬಿಚ್ಚಿಸಿ, ಬೇಡವೆಂದರೂ ಅರ್ಧ ರಾಜ್ಯ ಕೊಟ್ಟ.

ಅಪ್ಪ ಮಗನನ್ನು ತಬ್ಬಿಕೊಂಡು ಅತ್ತ. ಆಮೇಲೆ ಕೇಳಿದ, "ಏನು ಕೊಟ್ಟು ಬಿಡಿಸಿದ್ಯೋ?"

ಗುಜ್ಜ ಹೇಳಿದ.

ಬೋಡಯ್ಯನ ಕೈ ಮಗನ ಹೆಗಲಿಂದ ಜಾರಿತು. "ಅದೊಂದೇ ಉಳಿದಿತ್ತು ಕಣೋ," ಎಂದ. "ಅದನ್ನ ಹೇಳಬಾರದು ಅಂತಲೇ ನಾನು ಗಲ್ಲಿಗೆ ಒಪ್ಕೊಂಡಿದ್ದೆ."